ನೋವು ಹೋದರೆ ವಾಸಿಯಾದಂತೆಯೇ?

‘ಲಿಗಮೆಂಟ್ ಹೋಯ್ತು’ ಎಂಬ ಮಾತು ನಮ್ಮ ಹಾಸ್ಟೆಲಿನ ಕಬಡ್ಡಿ ಹುಡುಗರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ‘ಮೂಳೆ ಮುರಿದಿಲ್ಲವಲ್ಲ, ಬಿಡು’ ಎಂಬ ಸಮಾಧಾನವೂ ಅದರ ಹಿಂದೆಯೇ ಬರುತ್ತದೆ. ನನ್ನ ರೂಂಮೇಟ್ ಊತ ಇಳಿದ ಮೂರನೇ ವಾರಕ್ಕೇ ಅಂಕಣಕ್ಕಿಳಿದ. ಈಗ ಆಪರೇಷನ್ ಮುಗಿಸಿ, ಮೆಟ್ಟಿಲು ಹತ್ತುವುದನ್ನು ಹೊಸದಾಗಿ ಕಲಿಯುತ್ತಿದ್ದಾನೆ. ಆರೆಂಟು ವಾರಗಳಲ್ಲಿ ಮೂಳೆಯೇ ಕೂಡಿಕೊಳ್ಳುವಾಗ ಇದಕ್ಕೇಕೆ ಇಷ್ಟು ತಿಂಗಳು? ಮೆಕ್ಯಾನಿಕಲ್ ಓದುವ ನಾನು ಉತ್ತರ ಹುಡುಕುತ್ತಾ ಹೋಗಿ ತಲುಪಿದ್ದು ಸಂಯೋಜಕ ಅಂಗಾಂಶಕ್ಕೆ.

ಈ ಅಂಗಾಂಶದಲ್ಲಿ ಸಾಮಾನ್ಯವಾಗಿ ಜೀವಕೋಶಗಳು ವಿರಳ, ಅವುಗಳ ನಡುವಿನ ವಸ್ತುವೇ ಹೆಚ್ಚು. ಆ ವಸ್ತುವಿಗೆ ಕ್ಯಾಲ್ಸಿಯಂ ಲವಣ ಸೇರಿದರೆ ಮೂಳೆ, ಅದು ದ್ರವವಾಗಿದ್ದರೆ ರಕ್ತ. ನಾರುಗಳು ಒತ್ತಾಗಿ ಸಾಲುಗೂಡಿದರೆ ಟೆಂಡನ್, ಲಿಗಮೆಂಟ್. ಟೆಂಡನ್ ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಲಿಗಮೆಂಟ್ ಮೂಳೆಯನ್ನು ಮೂಳೆಗೆ.

ಆ ನಾರೇ ಕೊಲಾಜೆನ್. ಅದು ಮೂರು ಎಳೆ ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ಮದ್ರಾಸಿನಿಂದ ಜಗತ್ತಿಗೆ ತಿಳಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಎಂದು ತಿಳಿದಾಗ ನನಗೆ ಖುಷಿಯಾಯಿತು!

ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಎಳೆದರೆ ಗ್ರಾಫ್ ಮೊದಲಿನಿಂದಲೇ ನೇರವಾಗಿ ಏರುತ್ತದೆ. ಟೆಂಡನ್ ಹಾಗಲ್ಲ. ಅದರ ನಾರುಗಳು ಅಲೆಅಲೆಯಾಗಿರುತ್ತವೆ. ಮೊದಲು ಅಲೆ ಬಿಚ್ಚಿಕೊಂಡು ಸುಲಭವಾಗಿ ಹಿಗ್ಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಮಿತಿ ಮೀರಿದರೆ ನಾರುಗಳು ಹರಿಯತೊಡಗುತ್ತವೆ.

ದುರಸ್ತಿಗೆ ಬೇಕಾದ ರಕ್ತ ಮೂಳೆಗೆ ಧಾರಾಳವಾಗಿ ಸಿಗುತ್ತದೆ. ಟೆಂಡನ್, ಲಿಗಮೆಂಟ್‌ಗಳಿಗೆ ಸಿಗುವುದು ಕಡಿಮೆ. ಗಾಯದ ಜಾಗದಲ್ಲಿ ಮೊದಲು ಹುಟ್ಟುವ ನಾರುಗಳು ಅಡ್ಡಾದಿಡ್ಡಿ. ಹದವಾದ ಭಾರ ಬಿದ್ದಾಗ ಮಾತ್ರ ಅವು ಎಳೆತದ ದಿಕ್ಕಿಗೆ ಸಾಲಾಗುತ್ತವೆ. ಫಿಸಿಯೋಥೆರಪಿ ಮಾಡುವುದು ಈ ಕೆಲಸವನ್ನೇ. ಮೊಣಕಾಲಿನೊಳಗಿನ ಎಸಿಎಲ್ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. ಹೆಚ್ಚಾಗಿ ರೋಗಿಯದೇ ಟೆಂಡನ್ ತೆಗೆದು ಅಲ್ಲಿ ಕೂರಿಸುತ್ತಾರೆ. ಅದು ಗಟ್ಟಿಯಾಗಿ ಮತ್ತೆ ಆಟಕ್ಕಿಳಿಯಲು ಸುಮಾರು ಒಂಬತ್ತು ತಿಂಗಳು ಬೇಕು.

ಪೊಲೀಸ್, ಸೇನಾ ನೇಮಕಾತಿಗೆಂದು ಬೆಳಿಗ್ಗೆ ಓಡುವ ಗೆಳೆಯರೇ, ಸ್ನಾಯು ಕೆಲವು ವಾರಗಳಲ್ಲೇ ಬಲಿಯುತ್ತದೆ, ಟೆಂಡನ್ ನಿಧಾನ. ದೂರವನ್ನು ಒಮ್ಮೆಲೇ ಹೆಚ್ಚಿಸಬೇಡಿ. ಕಾಲು ಉಳುಕಿ ಊತ ಬಂದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಆ ನಡುವಿನ ದಿನಗಳಲ್ಲಿ ತಾಳ್ಮೆ ಇರಲಿ.