ಕೈ ಬದಲಾದ ಶ್ರೀಮಂತ ಮೋಟಾರು

ಹೊಸದಾದ ಸಾಧಾರಣ ಮೋಟಾರುಗಾಡಿಗೆ ತೆರುವಷ್ಟೇ ಹಣಕ್ಕೆ, ಎಂಟು ಹತ್ತು ವರ್ಷ ಬಳಸಿದ ಮರ್ಸಿಡಿಸ್, ಬಿ.ಎಂ.ಡಬ್ಲ್ಯು. ಅಥವಾ ಆಡಿ ಗಾಡಿಯೊಂದು ಬೆಂಗಳೂರಿನಂಥ ನಗರದಲ್ಲಿ ಇಂದು ದೊರೆಯುವುದುಂಟು. ಒಂದು ಕಾಲಕ್ಕೆ 60 ಲಕ್ಷ ರೂಪಾಯಿ ಬೆಲೆಯಿದ್ದ ಗಾಡಿ 15 ಲಕ್ಷಕ್ಕೆ ಬರುವುದಾದರೆ ಯಾರ ಮನಸ್ಸು ತಾನೆ ಚಲಿಸದು? ಆದರೆ ಇಲ್ಲಿ ಇಳಿದಿರುವುದು ಗಾಡಿಯ ಬೆಲೆಯೇ ಹೊರತು ಅದನ್ನು ಸಾಕುವ ವೆಚ್ಚವಲ್ಲ. ಅದರ ಬಿಡಿಭಾಗಗಳು ಇಂದಿಗೂ 60 ಲಕ್ಷದ ಗಾಡಿಯ ಬಿಡಿಭಾಗಗಳೇ. ಆನೆಯನ್ನು ಅಗ್ಗವಾಗಿ ಕೊಂಡವನಿಗೆ ಮೇವೂ ಅಗ್ಗವಾಗಿ ಸಿಕ್ಕುವುದಿಲ್ಲ.

ಬೆಲೆ ಇಷ್ಟೊಂದು ಇಳಿಯುವುದೇಕೆಂಬುದನ್ನು ಮೊದಲು ತಿಳಿಯತಕ್ಕದ್ದು. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೀರಿದ ಮೋಟಾರಿಗೆ ಶೇಕಡ 18ರ ದರದಲ್ಲಿ ಜೀವಾವಧಿ ತೆರಿಗೆಯುಂಟು. ಈ ಹಣವನ್ನು ಮೊದಲನೆಯ ಒಡೆಯನೇ ತೆತ್ತಿರುತ್ತಾನೆ. ಮಾರುವಾಗ ಅದು ಅವನಿಗೆ ಪೂರ್ತಿ ಹಿಂದಿರುಗುವುದಿಲ್ಲ. ತಯಾರಕರು ಕೊಟ್ಟ ಖಾತರಿಯ ಅವಧಿ ಮುಗಿಯುತ್ತಲೇ ಅನುಕೂಲಸ್ಥರು ಹೊಸ ಗಾಡಿಗೆ ಮನಸೋಲುವರು. ಅವರ ನಷ್ಟವೇ ಕೊಳ್ಳುವವನ ಲಾಭ. ಆದರೆ ಖಾತರಿ ಮುಗಿದ ಮೇಲೆ ಬರುವ ದುರಸ್ತಿಯ ಹೊರೆಯೂ ಕೊಳ್ಳುವವನದೇ.

ಆದಕಾರಣ, ಕೈಯಲ್ಲಿ 15 ಲಕ್ಷವಿದ್ದರೆ ಗಾಡಿಗೆ 12 ಲಕ್ಷಕ್ಕಿಂತ ಹೆಚ್ಚು ಕೊಡಲಾಗದು. ಮಿಕ್ಕ 3 ಲಕ್ಷವನ್ನು ದುರಸ್ತಿಯ ನಿಧಿಯೆಂದು ಬೇರೆಯಾಗಿಡಬೇಕು. ಇಡೀ ಮೊತ್ತವನ್ನು ಸಾಲ ಮಾಡಿ ಕೊಂಡ ಸಂಸಾರಿ, ಮೊದಲ ದೊಡ್ಡ ದುರಸ್ತಿಗೆ ಮಕ್ಕಳ ವಿದ್ಯಾಭ್ಯಾಸದ ಹಣಕ್ಕೆ ಕೈಹಾಕಬೇಕಾದೀತು.

ಇನ್ನು ಪರೀಕ್ಷೆಯ ವಿಚಾರ. ಮೇಲಿನ ಹೊಳಪನ್ನೂ ಆಸನದ ತೊಗಲನ್ನೂ ನೋಡಿ ಮರುಳಾಗಬಾರದು. ಹಳೆಯ ಬಿ.ಎಂ.ಡಬ್ಲ್ಯು. 520ಡಿ ಗಾಡಿಗಳಲ್ಲಿರುವ ಎನ್47 ಎಂಬ ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನು ಎಂಜಿನ್ನಿನ ಹಿಂಭಾಗದಲ್ಲಿರುವುದು. ಸರಪಣಿಯ ಬೆಲೆ ಅಷ್ಟೇನೂ ಅಲ್ಲ. ಆದರೆ ಅದನ್ನು ತಲುಪಲು ಎಂಜಿನ್ನನ್ನೋ ಗೇರುಪೆಟ್ಟಿಗೆಯನ್ನೋ ಕಳಚಬೇಕಾಗುವುದರಿಂದ ಕೂಲಿಯೇ ಭಾರವಾಗುವುದು. ಆದುದರಿಂದ ಮುಂಜಾನೆ, ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಹಿಂಬದಿಯಿಂದ ಕೆರೆಯುವ ಸದ್ದು ಬರುವುದೇ ಎಂದು ಕಿವಿಗೊಡಬೇಕು. ಗೇರುಪೆಟ್ಟಿಗೆಯ ಎಣ್ಣೆ ಜೀವಮಾನವೆಲ್ಲ ಬರುವುದೆಂದು ಮಾರುವವರು ಹೇಳುವುದುಂಟು. ಆದರೆ ಅನೇಕ ಇಂಥ ಗಾಡಿಗಳ ಗೇರುಪೆಟ್ಟಿಗೆಗಳನ್ನು ತಯಾರಿಸಿದ ಜರ್ಮನಿಯ ಜೆಡ್.ಎಫ್. ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಎಣ್ಣೆ ಬದಲಾಯಿಸಬೇಕೆಂದು ಸಲಹೆ ಕೊಟ್ಟಿದೆ. ಗಾಳಿಯ ಸಸ್ಪೆನ್ಷನ್ನುಳ್ಳ ಗಾಡಿಯನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಒಂದು ಮೂಲೆ ಕುಸಿದಿದೆಯೇ ಎಂದು ನೋಡಬೇಕು.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ತಡೆಯುವ ಫಿಲ್ಟರು ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ್ಗೆ ಹೆದ್ದಾರಿಯಲ್ಲಿ ಓಡಬೇಕು. ಮಲ್ಲೇಶ್ವರದಿಂದ ಮೆಜೆಸ್ಟಿಕ್ಕಿಗೆ ಮಾತ್ರ ಹೋಗಿಬರುವವರಿಗೆ ಪೆಟ್ರೋಲ್ ಗಾಡಿಯೇ ಮೇಲು.

ಕಿಲೋಮೀಟರಿನ ಅಂಕಿಯನ್ನು ಮಾತ್ರ ನಂಬತಕ್ಕದ್ದಲ್ಲ. ಅದನ್ನು ತಿದ್ದುವ ಕೈಗಳುಂಟು. ದುರಸ್ತಿಯ ರಸೀದಿಗಳಲ್ಲಿ ಕಾಲಕಾಲಕ್ಕೆ ಬರೆದಿರುವ ಅಂಕಿಗಳೊಡನೆ ಅದನ್ನು ಹೋಲಿಸಬೇಕು. ಟೈರಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: 3219 ಎಂದಿದ್ದರೆ ಅದು 2019ರ 32ನೆಯ ವಾರದಲ್ಲಿ ತಯಾರಾದುದು. ಟೈರು ಆರು ವರ್ಷ ಮೀರಿದ್ದರೆ ಹೊಸ ನಾಲ್ಕು ಟೈರುಗಳ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆಯಿರಿ.

ಕಾಗದಪತ್ರಗಳಲ್ಲಿಯೂ ಎಚ್ಚರ ಬೇಕು. ಹಿಂದಿನ ಒಡೆಯನ ಸಾಲ ತೀರಿದ್ದರೆ ಬ್ಯಾಂಕಿನ ಸಹಿಯುಳ್ಳ 35ನೆಯ ನಮೂನೆಯಿರಬೇಕು. 10 ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ದೆಹಲಿಯಲ್ಲಿದ್ದ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ, ಅಲ್ಲಿನ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದುದುಂಟು. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗೆ ಮೀರಿ ಇಲ್ಲಿಟ್ಟುಕೊಂಡರೆ ಮರುನೋಂದಣಿಯಾಗಬೇಕು. ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಕೂಡಿಸಿದರೆ ಅಗ್ಗವೆಂಬುದು ಬಹುಮಟ್ಟಿಗೆ ಕರಗುವುದು.

ಒಳ್ಳೆಯ ದಾಖಲೆಯಿರುವ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ದಾಖಲೆಯಿಲ್ಲದ ಗಾಡಿ ಎಷ್ಟೇ ಸುಂದರವಾಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ, ನಮಸ್ಕಾರ ಹೇಳಿ ಹಿಂದಿರುಗುವುದೇ ವಿವೇಕ.