ರಬ್ಬರಿನ ಕೈಗೆ ಸ್ಪರ್ಶಜ್ಞಾನ

ಕಳೆದ ವರ್ಷ ಕೆಲವು ತಿಂಗಳ ಕಾಲ ನನ್ನ ಬಲಗೈಯ ಬೆರಳ ತುದಿಗಳು ಮರಗಟ್ಟಿದ್ದವು. ನೋವೇನೂ ಇರಲಿಲ್ಲ, ಬೆರಳುಗಳು ಎಂದಿನಂತೆಯೇ ಮಡಚುತ್ತಿದ್ದವು. ಆದರೂ ಕಾಫಿಯ ಲೋಟ ಕೈಯಿಂದ ಜಾರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು—ಕೇಳುಗರು ನಗಬಾರದು—ಕನ್ನಡಿಯ ಮುಂದೆ ನಿಲ್ಲಬೇಕಾಗುತ್ತಿತ್ತು. ಇಂದು ನಾನು ಹೇಳಹೊರಟಿರುವ ಮೃದು ಯಂತ್ರಮಾನವರ ಕಷ್ಟವೂ ಇದೇ.

ಉಕ್ಕಿನ ಕೀಲುಗಳ ಬದಲು ರಬ್ಬರಿನಿಂದ ಮಾಡಿ, ಒಳಗೆ ಗಾಳಿಯೂದಿ ಬಾಗಿಸುವ ಕೈಗಳುಂಟು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2011ರಲ್ಲಿ ಇಂಥದೊಂದು ಕೈಯಿಂದ ಹಸಿ ಮೊಟ್ಟೆಯನ್ನು ಒಡೆಯದಂತೆ ಎತ್ತಿಸಿತು. ಮೊಟ್ಟೆ ಉಳಿದದ್ದು ರಬ್ಬರಿನ ಮೆದುತನದಿಂದ. ತಾನು ಏನನ್ನಾದರೂ ಹಿಡಿದಿರುವೆನೆಂಬ ಅರಿವು ಆ ಕೈಗಿರಲಿಲ್ಲ.

ಅರಿವು ಕೊಡಲೆಂದು ಗಡುಸಾದ ಮಾಪಕವನ್ನು ಅಂಟಿಸಿದರೆ ಮೆದುತನವೇ ಹೋಯಿತು. ಮಾಪಕವೂ ಚರ್ಮದಂತೆ ಬಾಗಬೇಕು. ಒಂದು ವಿಧಾನದ ತತ್ತ್ವ ಸರಳವಾದದ್ದು: ಎರಡು ವಿದ್ಯುದ್ವಾಹಕ ಪದರಗಳ ನಡುವೆ ರಬ್ಬರಿನ ಹಾಳೆ. ಒತ್ತಿದಾಗ ಪದರಗಳು ಹತ್ತಿರವಾಗಿ, ಅವು ಹಿಡಿದಿಡಬಲ್ಲ ವಿದ್ಯುದಂಶ ಹೆಚ್ಚುತ್ತದೆ. ಆ ಹೆಚ್ಚಳವೇ ಒತ್ತಡದ ಅಳತೆ. ತೊಡಕಿರುವುದು ರಬ್ಬರಿನ ಸ್ವಭಾವದಲ್ಲಿ. ಒತ್ತಿದರೆ ಅದರ ಗಾತ್ರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅದು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ. ಎರಡು ಪದರಗಳ ನಡುವೆ ಸಿಕ್ಕಿದ ತೆಳುಹಾಳೆಗೆ ಸರಿಯಲು ಎಡೆಯೆಲ್ಲಿ? ಸಾಲದೆಂಬಂತೆ, ಒತ್ತಡ ತೆಗೆದ ಮೇಲೂ ಅದು ಸೋಮಾರಿಯಂತೆ ಮೆಲ್ಲಗೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೆನಾನ್ ಬಾವೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಅವರು ಹಾಳೆಯನ್ನು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಿರಮಿಡ್ಡುಗಳ ಸಾಲುಸಾಲಾಗಿ ಎರಕ ಹೊಯ್ದರು. ಪಿರಮಿಡ್ಡುಗಳ ನಡುವೆ ಬರೀ ಗಾಳಿ. ರಬ್ಬರಿಗೆ ಸರಿಯಲು ಜಾಗ ಸಿಕ್ಕಿತು, ಮರಳುವ ವೇಗವೂ ಹೆಚ್ಚಿತು. 20 ಮಿಲಿಗ್ರಾಂ ತೂಕದ ನೊಣವನ್ನಿಟ್ಟರೂ ಆ ಹಾಳೆಗೆ ತಿಳಿಯುತ್ತಿತ್ತು.

ಹಾರ್ವರ್ಡಿನ ರಾಬರ್ಟ್ ವುಡ್ ಅವರ ತಂಡ ಹಿಡಿದದ್ದು ಬೇರೆ ದಾರಿ. ರಬ್ಬರಿನೊಳಗೆ ಸೂಕ್ಷ್ಮ ಕಾಲುವೆಗಳನ್ನು ಮೂಡಿಸಿ, ಅವುಗಳಲ್ಲಿ ಗ್ಯಾಲಿಯಂ ಮತ್ತು ಇಂಡಿಯಂಗಳ ಮಿಶ್ರಲೋಹವನ್ನು ತುಂಬಿದರು. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಈ ಲೋಹ ಸಾಮಾನ್ಯ ಕೋಣೆಯಲ್ಲಿ ದ್ರವವಾಗಿರುತ್ತದೆ. ಒತ್ತಿದರೆ ಕಾಲುವೆ ಸಪೂರವಾಗಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ.

ಆದರೆ ಚರ್ಮವನ್ನು ಎಳೆದಾಗಲೂ ಕಾಲುವೆ ಸಪೂರವಾಗುತ್ತದಲ್ಲ! ಕಣ್ಣು ಮುಚ್ಚಿ ಬೆರಳು ಮಡಚಿದರೆ, ಮಡಚಿದ್ದು ನಾನೇ ಎಂದು ನನಗೆ ಗೊತ್ತು. ಮೇಜು ತಗುಲಿದರೆ ಅದೂ ಗೊತ್ತು. ರಬ್ಬರಿನ ಬೆರಳಿಗೆ ಎರಡೂ ಒಂದೇ ಸುದ್ದಿ. 2012ರಲ್ಲಿ ಆ ತಂಡ ವಿವರಿಸಿದ ಕೃತಕ ಚರ್ಮದಲ್ಲಿ ಅದಕ್ಕಾಗಿಯೇ ಮೂರು ಪದರಗಳಿದ್ದವು: ಎರಡರಲ್ಲಿ ಅಡ್ಡಕ್ಕೂ ಉದ್ದಕ್ಕೂ ಎಳೆತವನ್ನು ಅಳೆಯುವ ಕಾಲುವೆಗಳು, ಮೂರನೆಯದರಲ್ಲಿ ಒತ್ತಡಕ್ಕೆಂದು ಸುತ್ತುಸುತ್ತಾದ ಕಾಲುವೆ. ಮೂರರ ಸಾಕ್ಷ್ಯವನ್ನೂ ತಾಳೆನೋಡಿ, ಮುಟ್ಟಿದ್ದಾವುದು ಎಳೆದದ್ದಾವುದು ಎಂದು ಲೆಕ್ಕಹಾಕಬೇಕು.