ನಿಮಗಿದು ಗೊತ್ತೆ? ಕೈಬಂಡಿಯು ಹುಟ್ಟಿಸಿದ ವಾಹನದಟ್ಟಣೆ

ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆಯೊಂದು ಕೆಂಪಗೆ ಕಂಡರೆ, ಅಲ್ಲಿ ಯಾರೋ ನಿಂತು ವಾಹನಗಳನ್ನು ಎಣಿಸಿದರೆಂದು ಭಾವಿಸಬೇಕಾಗಿಲ್ಲ. ಪಯಣಿಗರ ಜೇಬಿನ ಮೊಬೈಲುಗಳೇ ತಮ್ಮ ಸ್ಥಾನವನ್ನೂ ವೇಗವನ್ನೂ ಸದ್ದಿಲ್ಲದೆ ಅರುಹುತ್ತಿರಲು, ಅದನ್ನು ಆ ರಸ್ತೆಯ ವಾಡಿಕೆಯ ವೇಗದೊಡನೆ ತೂಗಿ ನೋಡಿ ಬಣ್ಣವು ನಿರ್ಣಯವಾಗುತ್ತದೆ. ಈ ಮರ್ಮವನ್ನರಿತ ಸೈಮನ್ ವೆಕರ್ಟ್ ಎಂಬ ಜರ್ಮನ್ ಕಲಾವಿದನು 99 ಮೊಬೈಲುಗಳನ್ನು ಪುಟ್ಟ ಕೆಂಪು ಕೈಬಂಡಿಯಲ್ಲಿ ತುಂಬಿ, ಬರ್ಲಿನ್ನಿನ ಬೀದಿಯಲ್ಲಿ ಮೆಲ್ಲಮೆಲ್ಲನೆ ಎಳೆದು ನಡೆಯಲು, ಬಹುಮಟ್ಟಿಗೆ ಬರಿದಾಗಿದ್ದ ಆ ಬೀದಿಯು ನಕ್ಷೆಯಲ್ಲಿ ಹಸಿರಳಿದು ಕೆಂಪಾಯಿತು! 2020ರ ಫೆಬ್ರವರಿಯಲ್ಲಿ ಈ ಚೇಷ್ಟೆ ಬಯಲಾದಾಗ, ಭಾರತವೇ ಮೊದಲಾದ ಕೆಲವು ದೇಶಗಳಲ್ಲಿ ಕಾರಿಗೂ ಬೈಕಿಗೂ ಇರುವ ಭೇದವನ್ನು ತಾವು ಅರಿಯಬಲ್ಲೆವೆಂದೂ (ಸಂದುಗೊಂದುಗಳಲ್ಲಿ ಬೈಕು ನುಸುಳುವ ನಮ್ಮಲ್ಲಿ ಅದು ಅವಶ್ಯವೇ ಸರಿ), ಕೈಬಂಡಿಯ ಗುಟ್ಟು ಮಾತ್ರ ಇನ್ನೂ ವಶವಾಗಿಲ್ಲವೆಂದೂ ಕಂಪನಿಯವರು ವಿನೋದದಿಂದಲೇ ಒಪ್ಪಿಕೊಂಡರು.